ಕೇಳಿಸಿಕೊಂಡ ಆ ಆರೇಳು ಜನ

ಹೋದ ತಿಂಗಳು ಒಬ್ಬರು ಅಕ್ಕ ನಮ್ಮ ವಕೀಲಿ ಆಫೀಸಿಗೆ ಬಂದಿದ್ದರು. ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ಲೆಕ್ಕದ ಪುಸ್ತಕ ಮೇಜಿನ ಮೇಲಿಟ್ಟು, "ಒಂದೊಂದು ಹಾಳೆನೂ ನೋಡಿ ಮೇಡಂ" ಅಂದರು. (ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ಬೆಳಗ್ಗೆ ಡೇರಿ ಮುಂದೆ ಹಾಲು ಹಾಕಲು ನಿಂತಿದ್ದಾಗ, ಆರೇಳು ಜನರ ಎದುರಿಗೆ ಒಬ್ಬರು "ಸಂಘದ ದುಡ್ಡು ನುಂಗಿ ಮನೆಗೆ ತಾರಸಿ ಹಾಕಿಸವ್ಳೆ" ಅಂದುಬಿಟ್ಟರಂತೆ. ಅಕ್ಕ ಠಾಣೆಗೆ ಹೋದರು. ಕೋರ್ಟಿಗೆ ಹೋಗಿ ಅಂತ ಕಳಿಸಿದರು. ಅದು ಸರಿಯೇ. ಮಾನನಷ್ಟಕ್ಕೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವ ಹಾಗಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು. ಮೊದಲು ಇದಕ್ಕೆ ಐಪಿಸಿ, ಅಂದರೆ ಹಳೆಯ ಭಾರತೀಯ ದಂಡ ಸಂಹಿತೆಯ 499, 500ನೇ ಕಲಂ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಎರಡು ವರ್ಷದವರೆಗೆ ಸಾದಾ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ಈಗ ಸಮುದಾಯ ಸೇವೆಯನ್ನೂ ಸೇರಿಸಿದ್ದಾರೆ.

"ಬರೀ ಬಾಯಲ್ಲಿ ಅಂದದ್ದಕ್ಕೂ ಕೇಸ್ ಆಗುತ್ತಾ?" ಅಂತ ಜಾಸ್ತಿ ಜನ ಕೇಳುತ್ತಾರೆ. ಆಗುತ್ತದೆ. ಬರೆದದ್ದಾಗಲಿ, ಬಾಯಲ್ಲಿ ಅಂದದ್ದಾಗಲಿ, ನಮ್ಮ ಕ್ರಿಮಿನಲ್ ಕಾನೂನಿಗೆ ಎರಡೂ ಒಂದೇ. ಆದರೆ ಬೈದದ್ದೆಲ್ಲ ಮಾನನಷ್ಟ ಅಲ್ಲ. ಇಂಥವರ ಮೇಲೆ ಅಂತ ಗೊತ್ತಾಗುವ ಆರೋಪ ಇರಬೇಕು. ಅದರಿಂದ ಹೆಸರು ಕೆಡಲಿ ಅನ್ನುವ ಉದ್ದೇಶ ಇರಬೇಕು, ಇಲ್ಲವೇ ಕೆಡುತ್ತದೆ ಅನ್ನುವ ಅರಿವಾದರೂ ಇರಬೇಕು. ಎಲ್ಲಕ್ಕಿಂತ ಮುಖ್ಯ, ಅದನ್ನು ಮೂರನೆಯವರು ಕೇಳಿರಬೇಕು. ಇಬ್ಬರೇ ಇದ್ದಾಗ ಮುಖದ ಮೇಲೆ ಏನೇ ಅಂದರೂ ಮಾನನಷ್ಟ ಆಗುವುದಿಲ್ಲ. ಯಾಕೆಂದರೆ ಮಾನ ಅನ್ನುವುದು ನಾಲ್ಕು ಜನರ ಕಣ್ಣಲ್ಲಿ ಇರುವಂಥದ್ದು.

"ನಿಜ ಹೇಳಿದರೆ ತಪ್ಪೇನು?" ಅನ್ನುವವರೂ ಇದ್ದಾರೆ. ಬರೀ ನಿಜ ಆದರೆ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕರ ಒಳಿತಿಗಾಗಿ ಅಂತಲೂ ತೋರಿಸಬೇಕು. ಹಾಗಂತ ಕಾನೂನು ಯಾರ ಬಾಯಿಯನ್ನೂ ಸುಮ್ನೆ ಕಟ್ಟಿಲ್ಲ. ಹತ್ತು ವಿನಾಯಿತಿಗಳಿವೆ. ಸಂಘದ ಸಭೆಯಲ್ಲಿ "ಲೆಕ್ಕ ತೋರಿಸಿ, ದುಡ್ಡು ಕಮ್ಮಿ ಬರ್ತಿದೆ" ಅಂತ ಪ್ರಾಮಾಣಿಕವಾಗಿ ಕೇಳಿದ್ದರೆ, ಅಥವಾ ವಿಚಾರಿಸುವ ಅಧಿಕಾರ ಇರುವವರಿಗೆ ದೂರು ಕೊಟ್ಟಿದ್ದರೆ, ಅವರಿಗೆ ರಕ್ಷಣೆ ಸಿಗುತ್ತಿತ್ತು. ಡೇರಿ ಮುಂದೆ ಕೂಗಿದ್ದು ಬೇರೆ, ಅಲ್ವಾ?

ಇಷ್ಟೆಲ್ಲ ಇದ್ದೂ ಕೇಸು ನಿಲ್ಲುವುದು ಸಾಕ್ಷಿಗಳ ಮೇಲೆ. ಆವತ್ತು ಕಿವಿಗೊಟ್ಟು ಕೇಳಿದವರೇ ಈಗ "ನಾವು ಗಮನ ಕೊಡಲಿಲ್ಲ" ಅನ್ನುತ್ತಿದ್ದಾರೆ. ಅದೇ ಜನ ಸಂಜೆಯೊಳಗೆ ಆ ಮಾತನ್ನು ಇಡೀ ಊರಿಗೆ ಹಂಚಿದ್ದರು! ಅಂದವರಿಗಿಂತ ಇವರ ಮೇಲೆ ನನಗೆ ಸಿಟ್ಟು ಜಾಸ್ತಿ. ಕೇಳಿದ್ದನ್ನು ಹಂಚಿದವರೂ ತಪ್ಪಿತಸ್ಥರಾಗಬಹುದು. ಈ ಮಾತು ಅವರಿಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ಡೇರಿಯಲ್ಲಿ ಹಾಲಿನ ಅಳತೆ ಬರೆಯುವ ಹುಡುಗಿ ಒಪ್ಪಿದಳು. "ನುಂಗಿ" ಅಂದರಾ, "ತಿಂದು" ಅಂದರಾ ಅಂತ ಎರಡು ಸಲ ಕೇಳಿದೆ. ಅವಳು ತಡವರಿಸಲಿಲ್ಲ. "ನುಂಗಿ ಅಂದ್ರು ಮೇಡಂ." ದೂರಿನಲ್ಲಿ ಆ ಸಾಲನ್ನು ಒಂದಕ್ಷರ ತಿದ್ದದೆ ಹಾಗೇ ಬರೆದಿದ್ದೇನೆ.