ಸ್ಮಾರ್ಟ್ ಕ್ಲಾಸಿಗೆ ಒಂದು ಮೈಕ್ ಹಾಕಿಸಿ

ನಮ್ಮ ಕಡೆಯ ಸರ್ಕಾರಿ ಶಾಲೆಗಳಿಗೆ ಈಗೀಗ ಸ್ಮಾರ್ಟ್ ಕ್ಲಾಸ್ ಬರುತ್ತಿದೆ. ಗೋಡೆಗೆ ದೊಡ್ಡ ಟಿವಿ, ಯುಪಿಎಸ್, ಸ್ಪೀಕರ್, ಉದ್ಘಾಟನೆಗೆ ರಿಬ್ಬನ್ನು. ಖುಷಿಯೇ. ಆದರೆ ನಾನು ನೋಡಿದ ಬಹಳಷ್ಟು ಕೋಣೆಗಳಲ್ಲಿ ಮೈಕೂ ಇಲ್ಲ, ಕ್ಯಾಮೆರಾನೂ ಇಲ್ಲ. ವಿಡಿಯೋ ಕಾಲಿನಲ್ಲಿ ಆ ಕಡೆಯವರು ಮಾತಾಡಬಹುದು, ನಮ್ಮ ಮಕ್ಕಳು ಕೂತು ಕೇಳಬೇಕು. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿದರೆ ನೋಡುವವರು ಯಾರು?

ನಾನು ರಾಯಚೂರು ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ವಿಡಿಯೋ ಕಾನ್ಫರೆನ್ಸ್ ಅಂದರೆ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು. ಮೇಲಿನಿಂದ ಆದೇಶ ಬರುತ್ತದೆ: ಇಂಥ ದಿನ, ಇಂಥವರ ಭಾಷಣ, ಎಲ್ಲ ಮಕ್ಕಳಿಗೂ ಲೈವ್ ತೋರಿಸಿ, ಫೋಟೋ ತೆಗೆದು ಗ್ರೂಪಿಗೆ ಹಾಕಿ. ತೋರಿಸುತ್ತೇವೆ, ಹಾಕುತ್ತೇವೆ. ಫೋಟೋದಲ್ಲಿ ಎಲ್ಲರೂ ಬಹಳ ಗಮನ ಕೊಟ್ಟು ಕೇಳುತ್ತಿರುವ ಹಾಗೆ ಕಾಣುತ್ತಾರೆ. ಫೋಟೋ ತೆಗೆಯುವಾಗ ನಾವೇ ಹಾಗೆ ಕೂರಿಸಿರುತ್ತೇವಲ್ಲ!

ಈ ಚಾಳಿ ಇವತ್ತಿನದಲ್ಲ. 1975-76ರಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು, ಇಸ್ರೋದವರು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಮುಟ್ಟಿಸಿದರು. ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರಿನವರಿಗೆ. (ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಈ ಒಂದು ವಿಷಯದಲ್ಲಾದರೂ ನಾವು ಹಿಂದುಳಿದವರಲ್ಲ ಅಂತ ಹೇಳಿಕೊಳ್ಳಬಹುದು.) ಆಮೇಲೆ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿತು. ಶಿಕ್ಷಣಕ್ಕೆಂದೇ ಭಾರತ ಕಳಿಸಿದ ಮೊದಲ ಉಪಗ್ರಹ ಅದು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠ ಹೋಯಿತು. ಎರಡೂ ದೊಡ್ಡ ಕೆಲಸಗಳೇ, ಮಾಡಿದವರಿಗೆ ಕೈ ಮುಗಿಯಬೇಕು. ಆದರೆ ಹಳ್ಳಿ ಶಾಲೆಗಳಲ್ಲಿ ಇದ್ದದ್ದು ಬರೀ ಪಾಠ ಬಂದು ಬೀಳುವ ಡಿಶ್ಶು. ಇಲ್ಲಿಂದ ಅಲ್ಲಿಗೆ ಏನೂ ಹೋಗುತ್ತಿರಲಿಲ್ಲ. ಆಗ ಅದಕ್ಕೆ ಕಾರಣ ಇತ್ತು. ಮಾತು ವಾಪಸ್ ಕಳಿಸುವ ಯಂತ್ರಕ್ಕೆ ವಿಪರೀತ ದುಡ್ಡು. ಈಗ ಮೇಷ್ಟ್ರ ಜೇಬಿನ ಫೋನಿನಲ್ಲೇ ಅದೆಲ್ಲ ಇದೆ. ಆದರೂ ನಾವು ಇನ್ನೂ ಡಿಶ್ಶಿನ ಕಾಲದಲ್ಲೇ ಕೂತಿದ್ದೇವೆ.

ಬರೀ ಕೇಳಿಸಿಕೊಳ್ಳುವುದಕ್ಕೆ ಲೈವ್ ಯಾಕೆ ಬೇಕು ಹೇಳಿ? ಒಳ್ಳೆಯ ಪಾಠದ ವಿಡಿಯೋಗಳು ಬೇಕಾದಷ್ಟಿವೆ. ರೆಕಾರ್ಡ್ ಆದದ್ದನ್ನು ಮಧ್ಯೆ ನಿಲ್ಲಿಸಬಹುದು, ಅರ್ಥ ಆಗದಿದ್ದರೆ ಹಿಂದಕ್ಕೆ ಹೋಗಬಹುದು. ಆ ಕಡೆ ಒಬ್ಬ ಮನುಷ್ಯ ಕೂತಿದ್ದಾನೆ, ನಾವು ಕೇಳಿದ್ದಕ್ಕೆ ಈಗಲೇ ಉತ್ತರ ಹೇಳುತ್ತಾನೆ ಅನ್ನುವುದಿದ್ದರೆ ಮಾತ್ರ ವಿಡಿಯೋ ಕಾಲಿಗೆ ಬೆಲೆ.

ನಮ್ಮ ಶಾಲೆಯಲ್ಲಿ ನಡೆದದ್ದು ಹೇಳುತ್ತೇನೆ. ತೀರ್ಥಹಳ್ಳಿ ಕಡೆ ನನ್ನ ಗೆಳೆಯರೊಬ್ಬರು ಮೇಷ್ಟ್ರು. ಮಳೆಯ ಪಾಠ ಬಂದಾಗ ನಮ್ಮ ಎಂಟನೇ ಕ್ಲಾಸನ್ನೂ ಅವರ ಎಂಟನೇ ಕ್ಲಾಸನ್ನೂ ಮುಖಾಮುಖಿ ಕೂರಿಸಿದೆವು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ರಾಯಚೂರಲ್ಲಿ 600–700. ಇದನ್ನು ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಮಕ್ಕಳೂ ಬರೆದುಕೊಂಡಿದ್ದಾರೆ, ಪರೀಕ್ಷೆಯಲ್ಲಿ ಬರೆದು ಮರೆತಿದ್ದಾರೆ. ಅವತ್ತು ನಮ್ಮ ಹುಡುಗನೊಬ್ಬ ಎದ್ದು ನಿಂತು, "ನಿಮಗ ಮಳಿ ಜಾಸ್ತಿ ಬಂದ್ರ ಸಾಲಿ ಸೂಟಿ ಕೊಡ್ತಾರಂತ, ಖರೇನಾ?" ಅಂದ. ಹೌದು, ಡಿಸಿಯವರು ರಜೆ ಕೊಡ್ತಾರೆ ಅಂತ ಆ ಕಡೆಯಿಂದ ಉತ್ತರ ಬಂತು. ತಕ್ಷಣ ಇವನು ನನ್ನ ಕಡೆ ತಿರುಗಿ, "ಸರ್, ಹಂಗಾರ ನಮಗ ಬಿಸಲಿಗೆ ಯಾಕ ಕೊಡಂಗಿಲ್ಲ?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಆದರೆ ಆ ಪ್ರಶ್ನೆ ಹಿಡಿದುಕೊಂಡು ಮುಂದಿನ ಪಾಠಗಳು ತಾವಾಗೇ ನಡೆದವು. ರಜೆ ಯಾರು ಕೊಡುತ್ತಾರೆ, ಜಿಲ್ಲಾಧಿಕಾರಿಗೆ ಏನೇನು ಅಧಿಕಾರ ಇದೆ, ಬಿಸಿಲನ್ನೂ ವಿಪತ್ತು ಅನ್ನಬಹುದೋ ಇಲ್ಲವೋ. ಆ ಕಡೆಯ ಮಕ್ಕಳಿಗೂ ನಮ್ಮ ಕಾಲುವೆ ಬಗ್ಗೆ ಅಷ್ಟೇ ಆಶ್ಚರ್ಯ. ಇಷ್ಟು ಕಮ್ಮಿ ಮಳೆಯಲ್ಲಿ ಭತ್ತ ಹೇಗೆ ಬೆಳೀತೀರಿ ಅಂತ ಕೇಳಿದರು. ತುಂಗಭದ್ರಾ ಡ್ಯಾಮಿನ ನೀರು ಅಂದರೆ, "ಆ ತುಂಗೆ ನಮ್ಮೂರಿಂದಲೇ ಬರೋದು!" ಅಂತ ಅಲ್ಲೊಬ್ಬಳು ಕೂಗಿದಳು. ನದಿಯ ಪಾಠವನ್ನು ಅದಕ್ಕಿಂತ ಚೆನ್ನಾಗಿ ಮಾಡಲು ನನಗಂತೂ ಆಗುತ್ತಿರಲಿಲ್ಲ.

ತೊಂದರೆ ಇರಲಿಲ್ಲವಾ? ಇತ್ತು. ಅವರ ಕಡೆ ನೆಟ್‌ವರ್ಕ್ ಹೋಗುತ್ತಿತ್ತು, ನಮ್ಮ ಕಡೆ ಕರೆಂಟ್ ಹೋಯಿತು. ಮಾಡಬೇಕು ಅಂತಿರುವ ಮೇಷ್ಟ್ರುಗಳಿಗೆ ಒಂದು ಮಾತು: ಚಿತ್ರಕ್ಕಿಂತ ಧ್ವನಿ ಮುಖ್ಯ. ಸಿಗ್ನಲ್ ಕುಂಟಿದರೆ ವಿಡಿಯೋ ಆಫ್ ಮಾಡಿ, ಮಾತು ಮುಂದುವರಿಸಿ. ಬರೀ ಮಾತಿಗೆ ಬಹಳ ಕಡಿಮೆ ಡೇಟಾ ಸಾಕು. ಮೈಕನ್ನು ಟಿವಿ ಪಕ್ಕ ಇಡಬೇಡಿ, ಕೂಗು ಬರುತ್ತದೆ. ಮಕ್ಕಳ ಕೈಯಿಂದ ಕೈಗೆ ಹೋಗುವ ಮೈಕ್ ಇದ್ದರೆ ಒಳ್ಳೆಯದು. ಪ್ರಶ್ನೆಗಳನ್ನು ಹಿಂದಿನ ದಿನವೇ ಬರೆಸಿ. ಆದರೆ ನೀವು ತಿದ್ದಬೇಡಿ, ದಯವಿಟ್ಟು. ತಿದ್ದಿದರೆ ಅವು ಗೈಡಿನ ಪ್ರಶ್ನೆಗಳಾಗಿಬಿಡುತ್ತವೆ.

ಕೊರೊನಾ ಕಾಲದಲ್ಲಿ ನೋಡಿದ್ದೇವಲ್ಲ ನಿಮ್ಮ ಆನ್‌ಲೈನ್ ಕ್ಲಾಸು ಅಂತ ಕೆಲವರು ಅನ್ನಬಹುದು. ನಾನೂ ನೋಡಿದ್ದೇನೆ. 2020ರ ಜೂನಿನಲ್ಲಿ ನಮ್ಮ ಸರ್ಕಾರವೇ ಚಿಕ್ಕ ಮಕ್ಕಳ ಆನ್‌ಲೈನ್ ಪಾಠ ನಿಲ್ಲಿಸಿತ್ತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆ ಜಗಳ ನಡೆದದ್ದು ಮನೆಯಲ್ಲಿ ಒಂಟಿಯಾಗಿ ಫೋನ್ ಹಿಡಿದು ಕೂತ ಮಗುವಿನ ಬಗ್ಗೆ. ಫೋನೇ ಇಲ್ಲದ ಮಕ್ಕಳ ಪಾಡು ಇನ್ನೂ ಕಷ್ಟ. ಅದಕ್ಕೇ ತಾನೇ ವಿದ್ಯಾಗಮ ಅಂತ ನಾವು ಮರದ ಕೆಳಗೆ, ಗುಡಿ ಕಟ್ಟೆ ಮೇಲೆ ಪಾಠ ಮಾಡಿದ್ದು? ನಾನು ಹೇಳುತ್ತಿರುವುದು ಮಕ್ಕಳೆಲ್ಲ ಶಾಲೆಯಲ್ಲೇ ಒಟ್ಟಿಗೆ ಕೂತು, ಮೇಷ್ಟ್ರು ಜೊತೆಗಿದ್ದು ಮಾಡುವ ಮಾತುಕತೆ.

ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 1951ರಿಂದ ಸ್ಕೂಲ್ ಆಫ್ ದಿ ಏರ್ ಅಂತ ಒಂದು ಶಾಲೆ ಇದೆ. ಮರಳುಗಾಡಿನ ನಡುವೆ ದೂರ ದೂರದ ದನದ ಫಾರಂಗಳಲ್ಲಿರುವ ಮಕ್ಕಳಿಗೆ ಮೊದಲು ರೇಡಿಯೋದಲ್ಲಿ ಪಾಠ, ಈಗ ವಿಡಿಯೋದಲ್ಲಿ. ದೂರಪಾಠವನ್ನು ಅವರಷ್ಟು ಕಾಲ ಮಾಡಿದವರು ಕಡಿಮೆ. ಆದರೂ ಅಲ್ಲಿ ಮಗುವಿನ ಪಕ್ಕ ಹೇಳಿಕೊಡಲು ದೊಡ್ಡವರೊಬ್ಬರು ಇರಲೇಬೇಕು, ಹೆಚ್ಚಾಗಿ ಅಮ್ಮ. ಆಗಾಗ ಎಲ್ಲ ಮಕ್ಕಳನ್ನೂ ಊರಿಗೆ ಕರೆಸಿ ಒಟ್ಟಿಗೆ ಸೇರಿಸುತ್ತಾರೆ. ವಿಡಿಯೋ ಬಂತು, ಇನ್ನು ಶಿಕ್ಷಕರ ಹುದ್ದೆ ಖಾಲಿ ಬಿಟ್ಟರೂ ನಡೆಯುತ್ತದೆ ಅನ್ನುವವರು ಇದನ್ನು ಸ್ವಲ್ಪ ನೋಡಬೇಕು. ನಮ್ಮ ಭಾಗದಲ್ಲಿ ಖಾಲಿ ಹುದ್ದೆಗಳಿಗೇನೂ ಬರವಿಲ್ಲ. ಅದಕ್ಕೆ ಟಿವಿ ಮದ್ದಲ್ಲ.

ಇನ್ನು ಆಸೆ ಕೇಳಿ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿ ಎರಡು ಮೀಟರಿನ ದೂರದರ್ಶಕವಿದೆ. ಅದನ್ನು ನಡೆಸುವುದು ಎಲ್ಲಿಂದ ಗೊತ್ತಾ? ಬೆಂಗಳೂರಿನ ಪಕ್ಕದ ನಮ್ಮ ಹೊಸಕೋಟೆಯಲ್ಲಿರುವ ಕೇಂದ್ರದಿಂದ, ಉಪಗ್ರಹದ ಸಂಪರ್ಕದಲ್ಲಿ. ಹೊಸಕೋಟೆಯಲ್ಲಿ ಕೂತವರು ಲಡಾಖಿನ ಆಕಾಶ ನೋಡುವುದಾದರೆ, ಹೊಸಕೋಟೆಯವರು ನಮ್ಮ ಹತ್ತನೇ ಕ್ಲಾಸಿನ ಜೊತೆ ಕನ್ನಡದಲ್ಲಿ ಇಪ್ಪತ್ತು ನಿಮಿಷ ಮಾತಾಡುವುದು ಕಷ್ಟವಾ? 2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿದ್ದಾಗ ಹವ್ಯಾಸಿಗಳು ಬಳಸುವ ಹ್ಯಾಮ್ ರೇಡಿಯೋದಲ್ಲಿ ವಿದ್ಯಾರ್ಥಿಗಳ ಜೊತೆ ಮಾತಾಡಿದರು. ನಿಲ್ದಾಣ ತಲೆ ಮೇಲೆ ಹಾದುಹೋಗುವ ಹತ್ತು ನಿಮಿಷದಷ್ಟೇ ಅದಕ್ಕೆ ಸಮಯ. ಸ್ವಾಗತ ಭಾಷಣ, ಹಾರ, ವಂದನಾರ್ಪಣೆ ಯಾವುದಕ್ಕೂ ಜಾಗವಿಲ್ಲ. ನಮ್ಮ ಕಾರ್ಯಕ್ರಮಗಳಿಗೂ ಅಂಥದ್ದೊಂದು ಗಡಿಯಾರ ಬೇಕು ಅನ್ನಿಸುತ್ತದೆ!

ವಿಜ್ಞಾನಿಗಳೇ ಆಗಬೇಕು ಅಂತೇನಿಲ್ಲ. ಮಲ್ಪೆಯಲ್ಲಿ ಬೋಟ್ ಇರುವವರು, ರೈಲು ಓಡಿಸುವವರು, ನರ್ಸು, ಗ್ರಾಮ ಪಂಚಾಯಿತಿ ಸದಸ್ಯೆ, ದುಬೈಯಲ್ಲಿ ಕಟ್ಟಡದ ಕೆಲಸ ಮಾಡುವ ನಮ್ಮ ಊರಿನವರು. ಇದನ್ನು ಓದುತ್ತಿರುವವರಲ್ಲೂ ಅಂಥವರು ಬೇಕಾದಷ್ಟು ಜನ ಇದ್ದೀರಿ. ನೀವು ಓದಿದ ಶಾಲೆಗೆ ಫೋನ್ ಮಾಡಿ, ಹೆಡ್‌ಮಾಸ್ಟರ್ ಹತ್ತಿರ ಒಂದು ಪೀರಿಯಡ್ ಕೇಳಿ. ಸ್ಲೈಡು ಮಾಡಿಕೊಂಡು ಬರಬೇಡಿ, ಪ್ರಶ್ನೆಗಳು ಮಕ್ಕಳ ಹತ್ತಿರ ಇರುತ್ತವೆ. ಮೈಕ್ ಇಲ್ಲ ಅಂದರೆ ಅದನ್ನೂ ಒಂದು ಕೊಡಿಸಿಬಿಡಿ. ಅದು ಟಿವಿಯಷ್ಟು ದುಬಾರಿ ಅಲ್ಲ, ರಿಬ್ಬನ್ ಕೂಡ ಬೇಕಾಗುವುದಿಲ್ಲ.