ಒಂದು ಬೈಟು ಕೊಡಿ ಅಜ್ಜಿ

ನಮ್ಮ ದೊಡ್ಡಮ್ಮ ಓದಿದ್ದು ನಾಲ್ಕನೇ ಕ್ಲಾಸು. ಅವರ ಕಾಲದಲ್ಲಿ ಅಲ್ಲೀತನಕ ಎಬಿಸಿಡಿ ಇರಲಿಲ್ಲ. ಈಗ ಎಪ್ಪತ್ತೆರಡನೇ ವಯಸ್ಸಿನಲ್ಲಿ ಇಂಗ್ಲಿಷ್ ನೀರು ಕುಡಿದ ಹಾಗೆ ಬರುತ್ತದೆ. ಕಲಿಸಿದ ಮೇಷ್ಟ್ರು ಕನ್ನಡ ನ್ಯೂಸ್ ಚಾನೆಲ್ಲು.

ಕಲಿತಿದ್ದನ್ನು ಅರ್ಥ ಸಮೇತ ಕಲಿತಿದ್ದಾರೆ. ಬ್ರೇಕಿಂಗ್ ನ್ಯೂಸ್ ಅಂದ್ರೆ ಬೆಳಗ್ಗೆ ಪೇಪರಿನಲ್ಲಿ ಓದಿ, ಅದೇ ಪೇಪರಿನ ಮೇಲೆ ಸೊಪ್ಪು ಬಿಡಿಸಿ ಆದಮೇಲೆ ಟೀವಿಯಲ್ಲಿ ಬರುವ ಸುದ್ದಿ. ಎಕ್ಸ್‌ಕ್ಲೂಸಿವ್ ಅಂದ್ರೆ ರಿಮೋಟಿನಲ್ಲಿ ಯಾವ ನಂಬರ್ ಒತ್ತಿದರೂ ಸಿಗುವುದು. ಶಾರ್ಟ್ ಬ್ರೇಕ್ ಅಂದ್ರೆ ಕುಕ್ಕರ್ ಮೂರು ಕೂಗು ಕೂಗಿ, ಸಾರಿಗೆ ಒಗ್ಗರಣೆ ಬೀಳುವಷ್ಟು ಹೊತ್ತು. ಒಂದೇ ಒಂದು ಅನುಮಾನ ಉಳಿದಿದೆ. "ಅಲ್ಲ ಕಣೋ, ಬ್ರೇಕ್ ಹಾಕಿದ್ರೆ ಬಸ್ಸು ನಿಲ್ಲತ್ತೆ. ಇವರ ಬ್ರೇಕಿಂಗು ಯಾಕೋ ನಿಲ್ಲೋದೇ ಇಲ್ಲ?"

ಕಳೆದ ತಿಂಗಳು ಒಂದು ಸಂಜೆ ಗಾಳಿಮಳೆಗೆ ನಮ್ಮ ಬೀದಿಯ ಗುಲ್‌ಮೊಹರ್ ಕೊಂಬೆ ಮುರಿದು ಪಕ್ಕದ ಮನೆಯವರ ಸ್ಕೂಟರ್ ಮೇಲೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ, ಸ್ಕೂಟರಿನ ಕನ್ನಡಿ ಒಡೆಯಿತು. ಅರ್ಧ ಗಂಟೆಯಲ್ಲಿ ಒಂದು ಚಾನೆಲ್ಲಿನ ಕಾರು ಬಂತು. ಇಳಿದ ಹುಡುಗ ತೊಯ್ದು ತೊಪ್ಪೆಯಾಗಿದ್ದ. ಗೇಟಿನಲ್ಲಿದ್ದ ದೊಡ್ಡಮ್ಮನನ್ನು ನೋಡಿ, "ಅಜ್ಜಿ, ಒಂದು ಬೈಟು ಕೊಡಿ" ಅಂದ.

ಪಾಪ, ನೆನೆದಿದ್ದಾನೆ ಅಂತ ದೊಡ್ಡಮ್ಮ ಒಳಗೆ ಹೋದರು. ಐದು ನಿಮಿಷ ಬಿಟ್ಟು ಬಂದರು. ಕೈಯಲ್ಲಿ ಎರಡು ಸ್ಟೀಲ್ ಲೋಟ, ಎರಡರಲ್ಲೂ ಅರ್ಧರ್ಧ ಕಾಫಿ. "ಬೈಟು ಅಂದ್ಯಲ್ಲಪ್ಪ. ನಿಂಗೊಂದು, ಕ್ಯಾಮೆರಾ ಹಿಡ್ಕೊಂಡಿದ್ದಾನಲ್ಲ, ಅವನಿಗೊಂದು."

ಅವನು ಕೇಳಿದ್ದು ಮೈಕಿನ ಮುಂದೆ ನಾಲ್ಕು ಮಾತು. ಆದರೂ ಕುಡಿದ. ಆ ಸಂಜೆ ನಡೆದಿದ್ದರಲ್ಲಿ ಅಪ್ಪಟ ನಿಜ ಅಂತ ಇದ್ದದ್ದು ಆ ಕಾಫಿ ಒಂದೇ.

ಲೋಟ ಕೆಳಗಿಟ್ಟವನೇ ಶುರು ಮಾಡಿದ. "ಹೌದು, ಖಂಡಿತವಾಗಿಯೂ. ಏನು ಈ ಒಂದು ಮರ ಇದೆ, ಈ ಒಂದು ಮರದ ಕೊಂಬೆ ಏನಿದೆ, ಅದು ಈ ಒಂದು ಸ್ಕೂಟರ್‌ನ ಮೇಲೆ ಬಿದ್ದಿರುವಂಥದ್ದು, ಸ್ಥಳೀಯರು ಆತಂಕದಲ್ಲಿ ಇರುವಂಥದ್ದು." ಸ್ಥಳೀಯರು ಅಂದರೆ ನಾನು. ಕಡಲೆಕಾಯಿ ತಿನ್ನುತ್ತಾ ನಿಂತಿದ್ದೆ. 'ಕೊಂಬೆ ಬಿತ್ತು' ಅನ್ನೋದಕ್ಕೆ ಕನ್ನಡದಲ್ಲಿ ಎರಡು ಪದ ಸಾಕು. ಆದರೆ ಎರಡು ಪದ ಹೇಳಿದರೆ ಉಳಿದ ಎಂಟು ನಿಮಿಷ ಏನು ಮಾಡೋದು, ಅಲ್ವಾ?

ಟೀವಿ ಹಾಕಿದರೆ ನಮ್ಮ ಬೀದಿ ನಮಗೇ ಗುರುತು ಸಿಗಲಿಲ್ಲ. ಪರದೆ ಆರು ತುಂಡು. ಮೇಲೆ 'ಬಿಗ್ ಶಾಕ್', ಕೆಳಗೆ 'ಕಿಲ್ಲರ್ ಮರ'. ಒಡೆದ ಕನ್ನಡಿಯ ಸುತ್ತ ಕೆಂಪು ಉಂಗುರ. ಸ್ವಲ್ಪ ಹೊತ್ತಿಗೆ 'ಬಿಗ್ ಟ್ವಿಸ್ಟ್'. ಏನಪ್ಪಾ ಅಂದ್ರೆ, ಸ್ಕೂಟರಿಗೆ ಇನ್ಶೂರೆನ್ಸ್ ಇದೆಯಂತೆ. ಒಂಬತ್ತಕ್ಕೆ ಪ್ಯಾನೆಲ್ ಡಿಸ್ಕಷನ್. ಒಬ್ಬ ಜ್ಯೋತಿಷಿ, ಇಬ್ಬರು ವಕ್ತಾರರು. ಗಿಡಮರ ಗೊತ್ತಿದ್ದವರನ್ನು ಕರೆದಿರಲಿಲ್ಲ. "ಪ್ಯಾನೆಲ್ಲು ಅಂದ್ರೆ ಸ್ವಿಚ್ಚು ಇರೋ ಬೋರ್ಡ್ ತಾನೇ?" ಅಂದರು ದೊಡ್ಡಮ್ಮ. "ಇಲ್ಲಿ ಒಂದನ್ನೂ ಆರಿಸೋಕೇ ಆಗಲ್ಲ."

ನನಗೆ ಇಂಗ್ಲಿಷ್ ಮೇಲೆ ಸಿಟ್ಟಿಲ್ಲ. ಬಸ್ಸು, ರೋಡು, ಟಿಕೆಟ್ಟು ಇಲ್ಲದೆ ನಾನು ಮನೆ ಸೇರೋಕಾಗಲ್ಲ. ಅವು ದುಡಿಯುವ ಪದಗಳು. ಈ ಬಿಗ್ಗು, ಮೆಗಾ, ಎಕ್ಸ್‌ಕ್ಲೂಸಿವ್ ಇವೆಯಲ್ಲ, ಇವು ಮದುವೆಮನೆಯಲ್ಲಿ ಒಂದು ಚೊಂಬು ನೀರೂ ಎತ್ತಿಕೊಡದೆ ಮೊದಲ ಪಂಕ್ತಿಗೆ ಕೂರುವ ನೆಂಟರು.

1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟಿತು. ತಂದವನು ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್. ಕಲ್ಲಚ್ಚಿನಲ್ಲಿ ಛಾಪಿಸಿ, ಹದಿನೈದು ದಿನಕ್ಕೊಂದು ಸಂಚಿಕೆ. ಅದರಲ್ಲಿ ಊರಿನ ಸುದ್ದಿಗೆ 'ಊರ ವರ್ತಮಾನ' ಅಂತ ಹೆಸರು. ಸಮುದ್ರ ದಾಟಿ ಬಂದವನಿಗೆ ಈ ಪದ ಸಿಕ್ಕಿತು. ಇಲ್ಲೇ ಹುಟ್ಟಿದ ನಮಗೆ ಸಿಕ್ಕಿದ್ದು 'ಲೋಕಲ್ ಅಪ್‌ಡೇಟ್'. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. ಅದಕ್ಕೆ ಬಂದ 'ಆಕಾಶವಾಣಿ' ಅನ್ನೋ ಹೆಸರು ಆಮೇಲೆ ಇಡೀ ದೇಶದ ರೇಡಿಯೊಗೆ ಆಯಿತು. ಈಗಿನವರ ಕೈಗೆ ಸಿಕ್ಕಿದ್ದರೆ 'ಸ್ಕೈ ವಾಯ್ಸ್ ಸೂಪರ್ ಫಾಸ್ಟ್' ಆಗ್ತಿತ್ತೇನೋ. ಅಂದಹಾಗೆ, 'ಮಂಗಳೂರ ಸಮಾಚಾರ' ಹೊರಟ ನೆನಪಿಗೆ ಕರ್ನಾಟಕದಲ್ಲಿ ಜುಲೈ 1 ಪತ್ರಿಕಾ ದಿನ. ಶುಭಾಶಯ ಮಾತ್ರ 'ಹ್ಯಾಪಿ ಪ್ರೆಸ್ ಡೇ'.

"ಟಿಆರ್‌ಪಿ ಬೇಕಲ್ವಾ ಸಾರ್" ಅಂದಿದ್ದ ಹುಡುಗ ಹೋಗುವಾಗ. ಇರಬಹುದು. ಆದರೆ 2020ರ ಅಕ್ಟೋಬರಿನಿಂದ 2022ರ ಮಾರ್ಚ್‌ವರೆಗೆ ನ್ಯೂಸ್ ಚಾನೆಲ್‌ಗಳ ವಾರದ ರೇಟಿಂಗನ್ನೇ ನಿಲ್ಲಿಸಿದ್ದರು. ಅಂಕ ಕೊಡುವವರೇ ಇಲ್ಲದಾಗಲೂ ಈ ಪದಗಳಿಗೆ ಒಂದು ದಿನ ರಜೆ ಸಿಗಲಿಲ್ಲ.

ಮಾರನೇ ದಿನ ಯಾರೂ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಕೊಂಬೆ ಇದ್ದಲ್ಲೇ ಇತ್ತು, ಸ್ಕೂಟರ್ ಅದರಡಿ. "ಬಿದ್ದಿದ್ದು ತೋರಿಸಿದ್ರಲ್ಲ, ಎತ್ತೋದು ಯಾವಾಗ ಬರತ್ತೋ?" ಅಂತ ದೊಡ್ಡಮ್ಮ ಟೀವಿ ಮುಂದೆ ಕಾದರು. ಅದಕ್ಕೂ ಇಂಗ್ಲಿಷಿನಲ್ಲಿ ಪದ ಇದೆ, ಫಾಲೋಅಪ್ ಅಂತ. ಅಷ್ಟು ವರ್ಷ ಪಾಠ ಕೇಳಿದರೂ ಆ ಒಂದು ಪದ ಅವರ ಕಿವಿಗೆ ಬಿದ್ದಿರಲಿಲ್ಲ.

ನಾಲ್ಕನೇ ದಿನ ತಿರುವಿನಲ್ಲಿ ಎಳನೀರು ಮಾರುವವನು ಬಂದ. ಮಚ್ಚು ತಗೊಂಡು ರೆಂಬೆ ರೆಂಬೆಯಾಗಿ ಕಡಿದು ಬದಿಗೆ ಹಾಕಿದ. ದೊಡ್ಡಮ್ಮ ಒಳಗೆ ಹೋಗಿ ಅವನಿಗೂ ಕಾಫಿ ತಂದರು. ಬೈಟು ಅಲ್ಲ, ಪೂರ್ತಿ ಲೋಟ.