ಒರೆಯೊಳಗಿನ ರೆಕ್ಕೆ

ತಂಗಿಯ ಮಗಳು ನಿನ್ನೆ ಸಂಜೆ ಪರೀಕ್ಷೆಗೆಂದು ‘ಕೊಲಿಯಾಪ್ಟೆರಾ, ಕೊಲಿಯಾಪ್ಟೆರಾ’ ಎಂದು ಉರು ಹೊಡೆಯುತ್ತಿದ್ದಳು. ಹಾಗೆಂದರೇನು ಎಂದು ಕೇಳಿದೆ. “ಜೀರುಂಡೆಗಳ ಗಣದ ಹೆಸರು ದೊಡ್ಡಮ್ಮ. ಅರ್ಥ ಬೇಡ, ಸ್ಪೆಲ್ಲಿಂಗ್ ತಪ್ಪದಿದ್ದರೆ ಸಾಕು ಅಂದಿದ್ದಾರೆ” ಎಂದಳು. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅರ್ಥ ಬೇಡವೆಂದರೆ ಆ ಹೆಸರಿನಲ್ಲಿ ಉಳಿಯುವುದಾದರೂ ಏನು? ಗ್ರೀಕ್ ಭಾಷೆಯಲ್ಲಿ ಕೊಲಿಯೋಸ್ ಎಂದರೆ ಕತ್ತಿಯ ಒರೆ, ಪ್ಟೆರಾನ್ ಎಂದರೆ ರೆಕ್ಕೆ. ಜೀರುಂಡೆಯ ಮುಂದಿನ ಜೋಡಿ ರೆಕ್ಕೆಗಳು ಗಟ್ಟಿಯಾದ ಚಿಪ್ಪಿನಂತಿದ್ದು, ಹಾರಲು ನೆರವಾಗುವ ತೆಳುವಾದ ಹಿಂದಿನ ರೆಕ್ಕೆಗಳು ಅವುಗಳ ಅಡಿಯಲ್ಲಿ ಮಡಿಚಿಕೊಂಡಿರುತ್ತವೆ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಅರಿಸ್ಟಾಟಲ್ ಇದನ್ನು ಕಣ್ಣಾರೆ ಗಮನಿಸಿ, ಇಂಥ ಕೀಟಗಳನ್ನು ‘ಒರೆರೆಕ್ಕೆಯವು’ ಎಂದು ಕರೆದಿದ್ದ. ಜೀವಿಗಳನ್ನು ಗುಂಪುಗಳಾಗಿ ವಿಂಗಡಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 18ನೆಯ ಶತಮಾನದಲ್ಲಿ ಅದೇ ಪದವನ್ನು ತನ್ನ ವರ್ಗೀಕರಣಕ್ಕೆ ತೆಗೆದುಕೊಂಡ. ತನ್ನ ‘ಸಿಸ್ಟಮಾ ನ್ಯಾಚುರೇ’ ಗ್ರಂಥದ 1758ರ ಆವೃತ್ತಿಯಲ್ಲಿ ಅವನು ಜಿರಲೆಯನ್ನೂ ಇದೇ ಗಣಕ್ಕೆ ಸೇರಿಸಿದ್ದ; ಮುಂದೆ ಅದು ಹೊರಬಿತ್ತು, ಹೆಸರು ಮಾತ್ರ ಹಾಗೆಯೇ ನಿಂತಿತು. ಇಂದು ಅದರಡಿಯಲ್ಲಿ ಸುಮಾರು 4 ಲಕ್ಷ ಪ್ರಭೇದಗಳಿವೆ. ಪ್ಟೆರಾನ್ ನಮಗೆ ಅಷ್ಟೇನೂ ದೂರದ್ದಲ್ಲ: ರೆಕ್ಕೆ, ಗರಿ ಎಂಬ ಅರ್ಥವೂ ಇರುವ ಸಂಸ್ಕೃತದ ‘ಪತ್ರ’ ಅದರ ಜ್ಞಾತಿ, ‘ಹೆಲಿಕಾಪ್ಟರ್’ ಎಂಬ ಪದದ ಬಾಲದಲ್ಲಿರುವುದೂ ಅದೇ.

ಪರೀಕ್ಷೆಯಲ್ಲಿ ಅರ್ಥ ಕೇಳುವುದಿಲ್ಲ, ಪಾಠ ಮುಗಿಸಲು ಸಮಯವಿಲ್ಲ ಎನ್ನುವವರಿದ್ದಾರೆ. ‘ಒರೆಯಲ್ಲಿಟ್ಟ ರೆಕ್ಕೆ’ ಎಂದು ಹೇಳಲು ಅರ್ಧ ನಿಮಿಷವೂ ಬೇಡ. ಆದ್ದರಿಂದ ಈ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ಇನ್ನೊಂದು ಕಾರಣವೂ ಇದೆ. ನಾನೂ ಜೀವಶಾಸ್ತ್ರ ಕಲಿಸಿದವಳು, ಮೊದಲ ಕೆಲವು ವರ್ಷ ಈ ಹೆಸರನ್ನು ಹಲಗೆಯ ಮೇಲೆ ಬರೆದು, ಅಡಿಗೆರೆ ಎಳೆದು ಮುಂದೆ ಹೋದವಳು. ಆ ಮಕ್ಕಳಿಗೆ ನಾನು ಅನ್ಯಾಯ ಮಾಡಿದೆ ಎಂಬುದು ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

ರಾತ್ರಿ ಜಗುಲಿಯ ದೀಪಕ್ಕೆ ತೋಟದಿಂದ ಒಂದು ಕುರುವಾಯಿ ದುಂಬಿ ಬಂದು ಬಿತ್ತು. ಅದು ಬೆನ್ನಿನ ಕಪ್ಪು ಚಿಪ್ಪುಗಳನ್ನು ಎತ್ತಿ ಒಳಗಿನ ರೆಕ್ಕೆ ಬಿಚ್ಚುವವರೆಗೂ ಇಬ್ಬರೂ ಬಗ್ಗಿ ನೋಡಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಹಾಗಾದರೆ ದೊಡ್ಡಮ್ಮ, ಡಿಪ್ಟೆರಾ ಅಂದರೆ ಎರಡು ರೆಕ್ಕೆಯಾ? ನೊಣಕ್ಕೆ ಎರಡೇ ಅಲ್ಲವಾ ಇರೋದು?”